ಲೀ ನದಿಯ ದಡದಲ್ಲೊಂದು ಬೆಂಚು

ಮಗಳ ಹೆರಿಗೆಗೆಂದು ನಾನು ಲಂಡನ್‌ಗೆ ಹೋದದ್ದು 2023ರ ಏಪ್ರಿಲ್ ತಿಂಗಳಲ್ಲಿ. ಸೂಟ್‌ಕೇಸಿನಲ್ಲಿ ನನ್ನ ಬಟ್ಟೆಗಿಂತ ಹೆಚ್ಚು ಜಾಗ ಹಿಡಿದದ್ದು ಬಾಣಂತಿ ಮದ್ದಿನ ಸಾಮಾನು, ಮೆಂತ್ಯ, ಓಮ, ಬೆಲ್ಲ ಮತ್ತು ಎರಡು ಸೇರು ಕುಚ್ಚಲಕ್ಕಿ. ಊರಿನವರು ಕೇಳಿದ್ದೆಲ್ಲ ದೊಡ್ಡ ಗಡಿಯಾರದ ಬಗ್ಗೆ, ಅರಮನೆಯ ಬಗ್ಗೆ. ಅವನ್ನೆಲ್ಲ ನಾನು ಒಂದೇ ದಿನದಲ್ಲಿ ನೋಡಿ ಮುಗಿಸಿದೆ. ಉಳಿದ ಮೂರು ತಿಂಗಳು ನಾನು ನೋಡಿದ್ದು ಒಂದು ನದಿಯನ್ನು. ಥೇಮ್ಸ್ ಅಲ್ಲ, ಪೂರ್ವ ಲಂಡನ್‌ನಲ್ಲಿ ಹರಿದು ಥೇಮ್ಸನ್ನು ಸೇರುವ ಲೀ ನದಿ. ಇಂಗ್ಲಿಷಿನಲ್ಲಿ ಅದರ ಹೆಸರನ್ನು ಎರಡು ರೀತಿ ಬರೆಯುತ್ತಾರಂತೆ. ನಮ್ಮ ಕನ್ನಡದಲ್ಲಿ ಆ ತಾಪತ್ರಯವಿಲ್ಲ.

ಮಗಳ ಮನೆ ಇದ್ದದ್ದು ಲೇಟನ್ ಎಂಬಲ್ಲಿ, ಲೀ ಬ್ರಿಜ್ ರಸ್ತೆಗೆ ಹತ್ತಿರ. ರಸ್ತೆಗಿಳಿದರೆ ಹಲಾಲ್ ಮಾಂಸದಂಗಡಿ, ಪಾಕಿಸ್ತಾನಿ ಸಿಹಿತಿಂಡಿ ಅಂಗಡಿ, ತುರ್ಕಿಯವರ ರೊಟ್ಟಿ ಅಂಗಡಿ, ಕೊತ್ತಂಬರಿ ಸೊಪ್ಪಿನ ಕಟ್ಟುಗಳು. ಪರದೇಶವೆಂಬ ಅಳುಕು ಎರಡೇ ದಿನದಲ್ಲಿ ಹೋಯಿತು. ಆದರೆ ಮನೆ ಮಾತ್ರ ಮೂರನೇ ಮಹಡಿಯ ಎರಡು ಕೋಣೆ. ಕಿಟಕಿ ತೆರೆದರೆ ಎದುರಿನ ಕಟ್ಟಡದ ಗೋಡೆ. ಅಳಿಯ ಬೆಳಿಗ್ಗೆ ಏಳಕ್ಕೆ ಹೋದರೆ ಬರುವುದು ರಾತ್ರಿ. ಮಗು ಹುಟ್ಟಿದ ಮೇಲೆ ಮನೆಯಲ್ಲಿ ಉಳಿದವರು ನಾನು, ಮಗಳು ಮತ್ತು ಪುಟ್ಟ ಮೊಮ್ಮಗ.

ಹೆರಿಗೆ ಸುಸೂತ್ರವಾಗಿ ಆಯಿತು. ಆದರೆ ಹತ್ತು ದಿನ ಕಳೆಯುವಷ್ಟರಲ್ಲಿ ಮಗಳು ಮಂಕಾದಳು. ಮಗು ಅತ್ತರೆ ಅವಳೂ ಅಳುತ್ತಿದ್ದಳು. ಮಾಡಿಟ್ಟ ಗಂಜಿ ತಣ್ಣಗಾಗುತ್ತಿತ್ತು. "ಏನಾಯ್ತು ಮಗಳೇ?" ಎಂದರೆ, "ಏನಿಲ್ಲ ಉಮ್ಮಾ" ಎಂದು ಗೋಡೆಯ ಕಡೆ ತಿರುಗುತ್ತಿದ್ದಳು. ಅಲ್ಲಿ ಹೆರಿಗೆಯಾದ ಮನೆಗೆ ಸರಕಾರದ ಆರೋಗ್ಯ ಸಂದರ್ಶಕಿಯರು ತಾವಾಗಿಯೇ ಬರುತ್ತಾರೆ. ಬಂದ ಹೆಂಗಸು ಮಗುವನ್ನು ತೂಗಿದಳು. ಮಗಳ ಬಳಿ ಬಹಳ ಹೊತ್ತು ಮೆಲ್ಲಗೆ ಮಾತಾಡಿದಳು. ಇನ್ನೊಂದು ವಾರ ಬಿಟ್ಟು ಮತ್ತೆ ಬರುತ್ತೇನೆ, ಹೀಗೇ ಇದ್ದರೆ ವೈದ್ಯರನ್ನು ಕಾಣಬೇಕು ಎಂದಳು. ಹೊರಡುವಾಗ ಇನ್ನೊಂದು ಮಾತು ಹೇಳಿದಳು: "ದಿನಾ ಅರ್ಧ ಗಂಟೆ ನದಿ ಕಡೆ ನಡೆದು ಬಾ."

ನನಗೆ ಸಿಟ್ಟು ಬಂತು. ನಲ್ವತ್ತು ತುಂಬದ ಬಾಣಂತಿಯನ್ನು ಆ ಚಳಿಗಾಳಿಗೆ ಹೊರಗೆ ಕಳುಹಿಸುವುದೇ? ನನ್ನ ನಾಲ್ಕು ಬಾಣಂತನದಲ್ಲೂ ನಾನು ಹೊಸ್ತಿಲು ದಾಟಿದವಳಲ್ಲ. ಆದರೆ ನಮ್ಮ ಮನೆ ತುಂಬ ಜನರಿದ್ದರು. ಹಿತ್ತಿಲಿತ್ತು, ಬಾವಿಕಟ್ಟೆಯಿತ್ತು, ಹೋಗಿ ಬರುವ ನೆರೆಹೊರೆಯವರಿದ್ದರು. ಇಲ್ಲಿ ಆ ಹುಡುಗಿಗೆ ನಾಲ್ಕು ಗೋಡೆ ಬಿಟ್ಟರೆ ನಾನೊಬ್ಬಳೇ. ಆ ರಾತ್ರಿಯೂ ಅವಳು ಅತ್ತಳು. ಮರುದಿನ ಅವಳ ತಲೆಗೆ ದಪ್ಪ ಶಾಲು ಸುತ್ತಿ, ಮಗುವನ್ನು ತಳ್ಳುಗಾಡಿಯಲ್ಲಿ ಮಲಗಿಸಿ ನಾನೇ ಹೊರಡಿಸಿದೆ.

ಕುದುರೆಗಳ ದಾರಿ

ಹತ್ತು ನಿಮಿಷ ನಡೆದೆವು. ಸೇತುವೆಯ ಪಕ್ಕದ ಇಳಿಜಾರಿನಲ್ಲಿ ಇಳಿದರೆ ಬಸ್ಸು ಲಾರಿಗಳ ಸದ್ದು ಮೇಲೆಯೇ ಉಳಿಯಿತು. ಕೆಳಗೆ ಹಸಿರು ಬಣ್ಣದ ಸಾವಧಾನದ ನೀರು. ಅದರ ಅಂಚಿನಲ್ಲೇ ಉದ್ದಕ್ಕೂ ಒಂದು ಕಾಲುದಾರಿ. ನೀರಿನಲ್ಲಿ ಸಾಲಾಗಿ ಕಟ್ಟಿದ ಉದ್ದುದ್ದ ಕಿರಿದಾದ ದೋಣಿಗಳು. ಒಂದರ ಮೇಲೆ ಹೂಕುಂಡ, ಇನ್ನೊಂದರ ಮೇಲೆ ಸೌದೆ ಮತ್ತು ಸೈಕಲ್. ಹೊಗೆಕೊಳವೆಯಿಂದ ಹೊಗೆ ಬರುತ್ತಿತ್ತು. ಜನ ಅದರಲ್ಲೇ ವಾಸ ಮಾಡುತ್ತಾರೆ ಎಂದು ಮಗಳು ಹೇಳಿದಳು. ಸ್ವಂತ ಕಟ್ಟುಜಾಗ ಇಲ್ಲದ ದೋಣಿಯವರು ಸಾಮಾನ್ಯವಾಗಿ ಹದಿನಾಲ್ಕು ದಿನಕ್ಕಿಂತ ಹೆಚ್ಚು ಒಂದೇ ಕಡೆ ನಿಲ್ಲುವಂತಿಲ್ಲವಂತೆ. ಕಟ್ಟು ಬಿಚ್ಚಿ ಮುಂದಕ್ಕೆ ಸಾಗಬೇಕು.

ಸ್ವಲ್ಪ ದೂರದಲ್ಲಿ ಒಂದು ಬೆಂಚು ಸಿಕ್ಕಿತು. ಮಗಳು ಕುಳಿತಳು. ಎದುರಿನ ಲಂಗರು ಹಗ್ಗದ ಪಕ್ಕದಲ್ಲಿ ಬಿಳಿ ಹಣೆಯ ಕಪ್ಪು ನೀರುಕೋಳಿಯೊಂದು ಗೂಡು ಕಟ್ಟಿಕೊಂಡಿತ್ತು. ಕಡ್ಡಿಯ ಜೊತೆ ಚಿಪ್ಸ್ ಪ್ಯಾಕೆಟ್, ನೀಲಿ ಪ್ಲಾಸ್ಟಿಕ್ ದಾರ, ಒಂದು ಹರಿದ ಕೈಗವಸು. "ನೋಡಿ ಉಮ್ಮಾ, ಅದರದ್ದೂ ನಮ್ಮ ಹಾಗೇ ಬಾಡಿಗೆ ಮನೆ" ಎಂದು ಮಗಳು ನಕ್ಕಳು. ಹದಿನೆಂಟು ದಿನಗಳಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಆ ದಿನದಿಂದ ನಮ್ಮ ನದಿ ನಡಿಗೆ ಶುರುವಾಯಿತು. ಅರ್ಧ ಗಂಟೆ ಇದ್ದದ್ದು ಒಂದು ಗಂಟೆಯಾಯಿತು. ಮೇ ತಿಂಗಳು ಬರುವಾಗ ಎರಡಾಯಿತು. ಬೆಂಚಿನಲ್ಲಿ ದಿನವೂ ಒಬ್ಬ ಮುದುಕಿ ಸಿಗುತ್ತಿದ್ದಳು. ಆಮೇಲೆ ಒಬ್ಬಳು ಸೊಮಾಲಿ ತಾಯಿ. ಅವಳದ್ದೂ ಮೂರು ತಿಂಗಳ ಮಗು. ಮಗಳಿಗೆ ಮಾತಾಡಲು ಜನ ಸಿಕ್ಕಿದರು. ಬಾಣಂತಿ ಮದ್ದು ನಾನು ತಂದದ್ದೇ, ಆರೋಗ್ಯ ಸಂದರ್ಶಕಿಯೂ ಎರಡು ಸಲ ಬಂದಳು. ಆದರೆ ಅವಳ ಮುಖಕ್ಕೆ ಕಳೆ ತಂದದ್ದರಲ್ಲಿ ಆ ದಾರಿಗೆ ದೊಡ್ಡ ಪಾಲಿದೆ.

ಹಾಗಾಗಿ ನನಗೆ ಒಂದು ಕುತೂಹಲ ಹುಟ್ಟಿತು. ಇಷ್ಟು ದೊಡ್ಡ, ಇಷ್ಟು ದುಬಾರಿ ಊರಿನಲ್ಲಿ, ಒಂದು ಪೈಸೆ ಕೊಡದೆ ಒಬ್ಬ ಬಾಣಂತಿ ತಳ್ಳುಗಾಡಿ ತಳ್ಳಿಕೊಂಡು ನೀರಿನ ಅಂಚಿಗೆ ಬರುವ ಹಾಗೆ ಮಾಡಿದವರು ಯಾರು? ದಡದಲ್ಲಿ ನೆಟ್ಟ ಫಲಕಗಳನ್ನು ಮಗಳಿಂದ ಓದಿಸಿದೆ. ಅಳಿಯ ಗ್ರಂಥಾಲಯದಿಂದ ಪುಸ್ತಕ ತಂದುಕೊಟ್ಟರು.

ಲೀ ನದಿ ಲೂಟನ್ ಪಟ್ಟಣದ ಲೀಗ್ರೇವ್ ಎಂಬಲ್ಲಿ ಹುಟ್ಟಿ ಸುಮಾರು 68 ಕಿಲೋಮೀಟರ್ ಹರಿಯುತ್ತದೆ. ಹರ್ಟ್‌ಫರ್ಡ್ ಪಟ್ಟಣದಿಂದ ಕೆಳಗಿನ ಸುಮಾರು 45 ಕಿಲೋಮೀಟರ್ ದೋಣಿ ಸಂಚಾರದ ಜಲಮಾರ್ಗ. ಜಾನ್ ಸ್ಮೀಟನ್ ಎಂಬ ಎಂಜಿನಿಯರ್ 1766ರಲ್ಲಿ ನದಿಯನ್ನು ಸಮೀಕ್ಷೆ ಮಾಡಿದ. ಮರುವರ್ಷ ಕಾನೂನಾಗಿ, ನದಿಯ ಡೊಂಕು ತಪ್ಪಿಸಿ ನೇರ ಕಾಲುವೆಗಳನ್ನು ತೋಡಿದರು, ಲಾಕ್‌ಗಳನ್ನು ಕಟ್ಟಿದರು. ಲಾಕ್ ಎಂದರೆ ನೀರಿನ ಮೆಟ್ಟಿಲು. ಎರಡು ಬಾಗಿಲುಗಳ ನಡುವೆ ದೋಣಿಯನ್ನು ನಿಲ್ಲಿಸಿ, ನೀರು ತುಂಬಿಸಿ ಮೇಲೆತ್ತುವುದು ಅಥವಾ ನೀರು ಬಿಟ್ಟು ಕೆಳಗಿಳಿಸುವುದು. ಧಾನ್ಯ, ಕಲ್ಲಿದ್ದಲು, ಮರ ಎಲ್ಲ ದೋಣಿಯಲ್ಲೇ ಸಾಗುತ್ತಿತ್ತು. ಕುದುರೆಗಳು ದಡದಲ್ಲಿ ನಡೆಯುತ್ತಾ ಹಗ್ಗದಿಂದ ದೋಣಿಯನ್ನು ಎಳೆಯುತ್ತಿದ್ದವು. ನಾವು ತಳ್ಳುಗಾಡಿ ತಳ್ಳುತ್ತಿದ್ದದ್ದು ಆ ಕುದುರೆಗಳ ದಾರಿಯಲ್ಲೇ. ಲಾರಿಗಳು ಬಂದ ಮೇಲೆ ದೋಣಿಯ ಸರಕು ಕಡಿಮೆಯಾಗುತ್ತಾ ಬಂತು. ದಾರಿ ಮಾತ್ರ ಉಳಿಯಿತು.

ನೀರು ವಿಷವಾದ ಕಾಲ

ಈ ನದಿ ಮೊದಲಿನಿಂದಲೂ ಹೀಗೆ ಹಸಿರಾಗಿತ್ತೆಂದು ತಿಳಿಯಬೇಡಿ. 1844ರಲ್ಲಿ ಲಂಡನ್ ನಗರದ ಮಿತಿಯೊಳಗೆ ದುರ್ವಾಸನೆಯ, ಅಪಾಯದ ಕಸುಬುಗಳಿಗೆ ಕಾನೂನು ಕಡಿವಾಣ ಹಾಕಿತು. ಲೀ ನದಿ ದಾಟಿದರೆ ಆ ಮಿತಿ ಮುಗಿಯುತ್ತಿತ್ತು. ಎಲುಬು ಬೇಯಿಸುವವರು, ಸಾಬೂನು ಕಾಯಿಸುವವರು, ರಾಸಾಯನಿಕ ಮಾಡುವವರು ಎಲ್ಲರೂ ನದಿಯ ಆಚೆ ದಡಕ್ಕೆ ಬಂದರು. ಅವರ ಹಿಂದೆಯೇ ಕೂಲಿಕಾರರ ಬಡಾವಣೆಗಳು. ಶ್ರೀಮಂತರ ಮೂಗಿಗೆ ವಾಸನೆ ಬಾರದಿರಲೆಂದು ಮಾಡಿದ ಕಾನೂನು ಬಡವರ ನೀರನ್ನು ಕೆಡಿಸಿತು.

1866ರಲ್ಲಿ ಪೂರ್ವ ಲಂಡನ್‌ನಲ್ಲಿ ಕಾಲರಾ ಹರಡಿ ಐದು ಸಾವಿರಕ್ಕೂ ಹೆಚ್ಚು ಜನ ಸತ್ತರು. ನೀರು ಸರಬರಾಜು ಕಂಪೆನಿಯೊಂದು ಓಲ್ಡ್ ಫೋರ್ಡ್ ಎಂಬಲ್ಲಿನ ತೆರೆದ ಕೆರೆಯಿಂದ ಸೋಸದ ನೀರನ್ನು ಕೊಳವೆಗೆ ಬಿಟ್ಟಿದ್ದೇ ಕಾರಣವೆಂದು ಆಮೇಲೆ ಗೊತ್ತಾಯಿತು. ಯಾವ ಮನೆಗೆ ಯಾವ ಕಂಪೆನಿಯ ನೀರು ಹೋಗುತ್ತಿತ್ತು ಎಂಬ ಲೆಕ್ಕ ಹಾಕಿ ಇದನ್ನು ತೋರಿಸಿದವರಲ್ಲಿ ವಿಲಿಯಂ ಫಾರ್ ಪ್ರಮುಖ. ಕೊಡ ಹಿಡಿದು ನೀರು ತಂದು ಮಕ್ಕಳಿಗೆ ಕುಡಿಸಿದ ಆ ತಾಯಂದಿರನ್ನು ನೆನೆದು ನನ್ನ ಹೊಟ್ಟೆ ಕಿವುಚಿತು.

ಲೀ ಬ್ರಿಜ್‌ನ ಹತ್ತಿರವೇ ಅಂಥ ಕಾಲದ ಗುರುತೊಂದಿದೆ. 1849ರ ಕಾಲರಾದ ಬಳಿಕ, ನದಿಯ ನೀರನ್ನು ಮರಳಿನಲ್ಲಿ ಸೋಸಲೆಂದು 1852ರಲ್ಲಿ ಕಟ್ಟಿದ ತೊಟ್ಟಿಗಳು. ಈಗ ಅವುಗಳಲ್ಲಿ ಜೊಂಡು ಬೆಳೆದಿದೆ, ಕಪ್ಪೆಗಳು, ಹಕ್ಕಿಗಳು ಸೇರಿಕೊಂಡಿವೆ. ಕಲ್ಲಿನ ಕಟ್ಟೆಯ ಮೇಲೆ ಕುಳಿತು ನಾವು ಫ್ಲಾಸ್ಕಿನ ಚಹಾ ಕುಡಿದೆವು.

ಇವತ್ತಿಗೂ ಲೀ ಪೂರ್ತಿ ಶುದ್ಧವಾಗಿಲ್ಲ. ಜೋರು ಮಳೆ ಬಂದರೆ ಹಳೆಯ ಒಳಚರಂಡಿಗಳು ಉಕ್ಕಿ ನದಿಗೆ ಬೀಳುತ್ತವೆ. ಅದನ್ನು ತಡೆಯಲು 6.9 ಕಿಲೋಮೀಟರ್ ಉದ್ದದ ಲೀ ಸುರಂಗವನ್ನು ಕೊರೆದು 2016ರಲ್ಲಿ ತೆರೆದರು. ಥೇಮ್ಸ್‌ನ ಅಡಿಯಲ್ಲಿ 25 ಕಿಲೋಮೀಟರಿನ ದೊಡ್ಡ ಸುರಂಗ 2025ರಲ್ಲಿ ಪೂರ್ತಿ ಜೋಡಣೆಯಾಯಿತು. ಆದರೆ ನದಿಯ ಮೇಲ್ಭಾಗದ ಕೊಳೆ ಇದರಿಂದ ನಿಲ್ಲುವುದಿಲ್ಲ. ದಡ ಚೆಂದ ಮಾಡುವುದು ಸುಲಭ, ನೀರನ್ನು ಚೆಂದ ಮಾಡುವುದು ಕಷ್ಟ ಎಂಬುದು ಅಲ್ಲಿ ಕಲಿತ ಮೊದಲ ಪಾಠ.

ನಕಾಶೆ ಬರೆದವರು, ಬೇಲಿ ಕಿತ್ತವರು

ಎರಡನೇ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಲಂಡನ್ ಬಾಂಬು ಬಿದ್ದು ಜರ್ಜರಿತವಾಗಿತ್ತು. ಆಗ, 1944ರಲ್ಲಿ, ಪ್ಯಾಟ್ರಿಕ್ ಅಬರ್‌ಕ್ರಾಂಬಿ ಎಂಬ ನಗರ ಯೋಜಕರು ಮಹಾ ಲಂಡನ್‌ನ ಯೋಜನೆ ಬರೆದರು. ಕಸ, ಕಾರ್ಖಾನೆ, ಜಲ್ಲಿ ಹೊಂಡಗಳಿಂದ ತುಂಬಿದ್ದ ಲೀ ಕಣಿವೆಯನ್ನು ಪೂರ್ವ ಲಂಡನ್‌ನ ಜನರ ವಿಹಾರಕ್ಕೆ ತೆರೆದ ಜಾಗವಾಗಿ ಮಾಡಬಹುದೆಂದು ಅದರಲ್ಲಿ ಸೂಚಿಸಿದರು. ಕಾಗದ ಕಾಗದವಾಗಿಯೇ ಉಳಿಯಿತು. 1960ರ ದಶಕದಲ್ಲಿ ಹ್ಯಾಕ್ನಿಯ ಮೇಯರ್ ಆಗಿದ್ದ ಲೂ ಶೆರ್ಮನ್ ಆ ಮಾತನ್ನು ಮತ್ತೆ ಎತ್ತಿದರು. ನದಿಯುದ್ದಕ್ಕೂ ಇದ್ದ ಬೇರೆ ಬೇರೆ ಸ್ಥಳೀಯ ಆಡಳಿತಗಳನ್ನು ಒಟ್ಟುಗೂಡಿಸಿದರು. 1966ರಲ್ಲಿ ಪಾರ್ಲಿಮೆಂಟು ಇದಕ್ಕೆಂದೇ ಒಂದು ಕಾನೂನು ಮಾಡಿತು. 1967ರಲ್ಲಿ ಲೀ ಕಣಿವೆ ಪ್ರಾದೇಶಿಕ ಉದ್ಯಾನದ ಪ್ರಾಧಿಕಾರ ಶುರುವಾಯಿತು.

ವೇರ್ ಪಟ್ಟಣದಿಂದ ಥೇಮ್ಸ್‌ವರೆಗೆ ಸುಮಾರು 42 ಕಿಲೋಮೀಟರ್ ಉದ್ದ, ಹತ್ತು ಸಾವಿರ ಎಕರೆ. ಇದರ ಖರ್ಚಿಗೆ ಲಂಡನ್, ಎಸೆಕ್ಸ್, ಹರ್ಟ್‌ಫರ್ಡ್‌ಶೈರ್‌ಗಳ ಮನೆತೆರಿಗೆಯಿಂದ ಒಂದು ಸಣ್ಣ ಪಾಲು ಹೋಗುತ್ತದೆ. ನದಿಯ ಮುಖವನ್ನೇ ನೋಡದವನೂ ಕೊಡುತ್ತಾನೆ. ಜಲ್ಲಿ ತೆಗೆದ ಹೊಂಡಗಳು ಕೆರೆಗಳಾದವು. ಕೆರೆಗಳಿಗೆ ಹಕ್ಕಿಗಳು ಬಂದವು. ಇಷ್ಟು ಉದ್ದದ ನದಿಗೆ ಹತ್ತಾರು ಯಜಮಾನರಿದ್ದರೆ ಒಬ್ಬ ದಾರಿ ಮಾಡುತ್ತಾನೆ, ಇನ್ನೊಬ್ಬ ಗೋಡೆ ಕಟ್ಟುತ್ತಾನೆ. ಉದ್ದಕ್ಕೂ ಒಂದೇ ಯೋಜನೆ ಇದ್ದುದರಿಂದ ದಾರಿ ತುಂಡಾಗದೆ ಉಳಿಯಿತು.

ಆದರೆ ಮೇಲಿನವರು ಕೊಟ್ಟದ್ದು ಮಾತ್ರ ಇದು ಎಂದುಕೊಂಡರೆ ಅರ್ಧ ಕಥೆಯಾಯಿತು. ಲೇಟನ್‌ನ ಹುಲ್ಲುಗಾವಲಿನಲ್ಲಿ ಊರಿನವರಿಗೆ ಹಿಂದಿನಿಂದಲೂ ಆಗಸ್ಟ್ ತಿಂಗಳಿನಿಂದ ದನ ಮೇಯಿಸುವ ಹಕ್ಕಿತ್ತು. 1892ರಲ್ಲಿ ನೀರಿನ ಕಂಪೆನಿ ಅಲ್ಲಿ ಬೇಲಿ ಹಾಕಿತು. ಆ ವರ್ಷದ ಆಗಸ್ಟ್ 1ರಂದು ಊರ ಜನ ಗುಂಪಾಗಿ ಬಂದು ಬೇಲಿ ಕಿತ್ತೆಸೆದರು. ಕೊನೆಗೆ 1904ರ ಕಾನೂನಿನಲ್ಲಿ ಮೇವಿನ ಹಕ್ಕಿಗೆ ಬದಲಾಗಿ ಆ ನೆಲ ಸಾರ್ವಜನಿಕರ ಬಯಲಾಗಿ ಉಳಿಯಿತು. ಮುಂದೆ 1979ರಲ್ಲಿ ಪಕ್ಕದ ವಾಲ್ತಮ್‌ಸ್ಟೋ ಜೌಗು ಬಯಲಿನಲ್ಲಿ ಜಲ್ಲಿ ತೆಗೆಯುವ ಯೋಜನೆ ಬಂತು. ಅದನ್ನು ತಂದದ್ದು ಬೇರೆ ಯಾರೂ ಅಲ್ಲ, ಉದ್ಯಾನದ ಪ್ರಾಧಿಕಾರವೇ! ಸುತ್ತಲಿನ ಜನ ಎದುರು ನಿಂತು ತಡೆದರು. 1985ರಲ್ಲಿ ಆ ಬಯಲಿಗೆ ಕಾನೂನಿನ ರಕ್ಷಣೆ ಸಿಕ್ಕಿತು. ಯೋಜನೆ ಮಾಡುವವರು ಎಷ್ಟು ಒಳ್ಳೆಯವರಾದರೂ ದಡದ ಜನ ಕಣ್ಣು ಮುಚ್ಚಿ ಕೂರಬಾರದು ಎಂದು ನನಗೆ ಅನಿಸಿತು.

ಆ ಬಯಲಿನ ಹುಲ್ಲಿನ ಮೇಲೆ ಒಂದು ಸಂಜೆ ಶಾಲು ಹಾಸಿ ನಾವು ಅಸರ್ ನಮಾಝ್ ಮಾಡಿದೆವು. ಆಚೆ ನಾಯಿ ಹಿಡಿದು ಹೋಗುತ್ತಿದ್ದವನೊಬ್ಬ ದೂರದಿಂದ ಸುತ್ತು ಹಾಕಿ ಹೋದ.

ತಳ್ಳುಗಾಡಿಯ ಕಣ್ಣಲ್ಲಿ

ನದಿಯ ದಡವನ್ನು ನೋಡಬೇಕಾದರೆ ತಳ್ಳುಗಾಡಿ ತಳ್ಳಿಕೊಂಡು ನೋಡಬೇಕು ಎಂದು ನಾನು ಹೇಳುತ್ತೇನೆ. ಆಗ ಗೊತ್ತಾಗುತ್ತದೆ ಎಲ್ಲಿ ಮೆಟ್ಟಿಲಿದೆ, ಎಲ್ಲಿ ಇಳಿಜಾರಿದೆ ಎಂದು. ಕೆಲವು ಕಡೆ ಮೋಟಾರು ಬೈಕು ನುಗ್ಗದಂತೆ ಕಬ್ಬಿಣದ ಗೇಟು ಇಟ್ಟಿದ್ದಾರೆ. ಬೈಕಿನ ಜೊತೆ ತಳ್ಳುಗಾಡಿಯೂ ಗಾಲಿಕುರ್ಚಿಯೂ ಅಲ್ಲೇ ನಿಲ್ಲುತ್ತವೆ. ಸೇತುವೆಗಳ ಕೆಳಗೆ ದಾರಿ ಎರಡು ಮೊಳವಾಗುತ್ತದೆ. ಹಿಂದಿನಿಂದ ಸೈಕಲ್ ಗಂಟೆ ಬಾರಿಸಿದರೆ ಎದೆ ಧಸಕ್ಕೆನ್ನುತ್ತದೆ. ಸಂಜೆಯಾದರೆ ದೀಪವಿಲ್ಲದ ಕಡೆ ಹೆಂಗಸರು ಒಬ್ಬರೇ ಹೋಗುವುದಿಲ್ಲ.

ಇದಕ್ಕೆ ಎದುರಾಗಿ ವಾಲ್ತಮ್‌ಸ್ಟೋ ವೆಟ್‌ಲ್ಯಾಂಡ್ಸ್ ಎಂಬ ಜಾಗವನ್ನು ನೋಡಿದೆ. ಲಂಡನ್‌ಗೆ ಕುಡಿಯುವ ನೀರು ಕೊಡುವ ಹತ್ತು ದೊಡ್ಡ ಜಲಾಶಯಗಳ ಸಮೂಹ, 211 ಹೆಕ್ಟೇರ್. 2017ರ ಅಕ್ಟೋಬರ್‌ನಲ್ಲಿ ಅದನ್ನು ಎಲ್ಲರಿಗೂ ಉಚಿತವಾಗಿ ತೆರೆದರು. ಅಗಲವಾದ ಮಟ್ಟಸ ದಾರಿ, ಅಲ್ಲಲ್ಲಿ ಬೆಂಚು, ಹಳೆಯ ಎಂಜಿನ್ ಮನೆಯಲ್ಲಿ ಚಹಾ, ಚೊಕ್ಕಟವಾದ ಶೌಚಾಲಯ, ಮಗುವಿನ ಬಟ್ಟೆ ಬದಲಿಸುವ ಜಾಗ. ನಾವು ಹೋದ ದಿನ ಬುರ್ಖಾ ಹಾಕಿದ ಅಜ್ಜಿಯರು, ಯಹೂದಿ ತಾಯಂದಿರು, ಆಫ್ರಿಕಾದ ಮಕ್ಕಳು ಎಲ್ಲರೂ ಬಕಪಕ್ಷಿಗಳ ಗೂಡನ್ನು ನೋಡುತ್ತಾ ನಿಂತಿದ್ದರು. ಬೆಂಚು, ಶೌಚಾಲಯ, ಇಳಿಜಾರು: ಈ ಮೂರು ಇದ್ದರೆ ಹೆಂಗಸರು ಬರುತ್ತಾರೆ. ಹೆಂಗಸರು ಬಂದ ಕಡೆ ಮಕ್ಕಳು, ಮುದುಕರು ಎಲ್ಲರೂ ಬರುತ್ತಾರೆ.

ಒಲಿಂಪಿಕ್ಸ್ ಬಂತು, ಬಾಡಿಗೆಯೂ ಬಂತು

ಜೂನ್‌ನಲ್ಲಿ ಒಂದು ರಜಾದಿನ ಅಳಿಯನೂ ಸೇರಿಕೊಂಡು ನದಿಯ ಕೆಳಭಾಗಕ್ಕೆ ಹೋದೆವು. ಹ್ಯಾಕ್ನಿ ಬಯಲಿನಲ್ಲಿ ಹುಡುಗರು ಚೆಂಡಾಡುತ್ತಿದ್ದರು. ಯುದ್ಧದಲ್ಲಿ ಉರುಳಿದ ಮನೆಗಳ ಕಲ್ಲುಮಣ್ಣನ್ನು ತಂದು ಸುರಿದು ಎತ್ತರಿಸಿದ ಬಯಲು ಅದು. ಅಲ್ಲಿಂದ ಮುಂದೆ 2012ರ ಒಲಿಂಪಿಕ್ಸ್ ನಡೆದ ಜಾಗ. ಅದಕ್ಕೆ ಮುಂಚೆ ಅಲ್ಲಿ ಹಳೆಯ ಕಾರ್ಖಾನೆಗಳು, ಗುಜರಿ ಅಂಗಳಗಳು, ವಿಷ ಸೇರಿದ ಮಣ್ಣು, ಕಸ ತುಂಬಿದ ಕಾಲುವೆಗಳು ಇದ್ದವು. 200ಕ್ಕೂ ಹೆಚ್ಚು ಕಟ್ಟಡಗಳನ್ನು ಕೆಡವಿದರು. ಮಣ್ಣನ್ನೇ ಯಂತ್ರಗಳಲ್ಲಿ ತೊಳೆದರು. ತಲೆಯ ಮೇಲೆ ಹಾದುಹೋಗಿದ್ದ 52 ವಿದ್ಯುತ್ ಗೋಪುರಗಳನ್ನು ತೆಗೆದು ತಂತಿಗಳನ್ನು ನೆಲದಡಿ ಇಳಿಸಿದರು. ಆಟ ಮುಗಿದ ಮೇಲೆ 2013 ಮತ್ತು 2014ರಲ್ಲಿ ಎರಡು ಹಂತವಾಗಿ ಅದು ಸಾರ್ವಜನಿಕ ಉದ್ಯಾನವಾಯಿತು. ಹೂವಿನ ಬಯಲು, ನೀರಿನ ಕಾರಂಜಿ, ಅದರಲ್ಲಿ ನೆನೆಯುತ್ತಾ ಕೂಗಾಡುವ ಮಕ್ಕಳು. ಕಣ್ಣು ತುಂಬಿತು.

ಬೆಂಚಿನಲ್ಲಿ ಕುಳಿತಿದ್ದಾಗ ಅಳಿಯ ಹೇಳಿದರು: "ಮಾಮಿ, ಇಲ್ಲಿ ಮೊದಲು ಜನ ವಾಸವಾಗಿದ್ದರು." ಕ್ಲೇಸ್ ಲೇನ್ ಎಂಬಲ್ಲಿ ಸಹಕಾರಿ ವಸತಿಯೊಂದಿತ್ತು. ನಾನೂರಕ್ಕೂ ಹೆಚ್ಚು ಮಂದಿ ಕಡಿಮೆ ಬಾಡಿಗೆಗೆ ಇದ್ದರು. 2007ರಲ್ಲಿ ಅವರನ್ನೆಲ್ಲ ಎಬ್ಬಿಸಿದರು. ನದಿಯ ನಡುಗಡ್ಡೆಯಂಥ ಜಾಗದಲ್ಲಿ ಎಂಬತ್ತರಷ್ಟು ಕುಟುಂಬಗಳು ಹಲವು ದಶಕಗಳಿಂದ ಕಾಯಿಪಲ್ಲೆ ಬೆಳೆಯುತ್ತಿದ್ದ ಮ್ಯಾನರ್ ಗಾರ್ಡನ್ ಎಂಬ ತೋಟವಿತ್ತು. ಅದನ್ನೂ ಅದೇ ವರ್ಷ ತೆರವು ಮಾಡಿ ಲೇಟನ್‌ನ ಬೇರೊಂದು ಜಾಗಕ್ಕೆ ಕಳುಹಿಸಿದರು. ಕ್ರೀಡಾಳುಗಳಿಗೆ ಕಟ್ಟಿದ 2,818 ಮನೆಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟನ್ನು ಕೈಗೆಟಕುವ ದರದ ಮನೆಗಳೆಂದು ಇಟ್ಟರು. ಒಳ್ಳೆಯದೇ. ಆದರೆ ಆ ದೇಶದಲ್ಲಿ 2011ರಿಂದೀಚೆಗೆ ಕೈಗೆಟಕುವ ಬಾಡಿಗೆ ಎಂದರೆ ಪೇಟೆಯ ಬಾಡಿಗೆಯ ಶೇ. 80ರವರೆಗೆ ಇರಬಹುದು. ಪೇಟೆಯ ಬಾಡಿಗೆಯೇ ಗಗನಕ್ಕೇರಿದರೆ ಅದರ ಶೇ. 80 ಯಾರ ಕೈಗೆ ಎಟಕುತ್ತದೆ?

ಅದು ಊರಿನ ಮಾತಾಗಿತ್ತು. ಒಂದು ವಾರದಲ್ಲಿ ನಮ್ಮ ಮನೆಯ ಮಾತೂ ಆಯಿತು. ಮನೆ ಮಾಲೀಕರ ಏಜೆಂಟರಿಂದ ಪತ್ರ ಬಂತು. ಈ ಪ್ರದೇಶದ ಬೆಲೆ ಏರಿರುವುದರಿಂದ ಬಾಡಿಗೆಯನ್ನು ತಿಂಗಳಿಗೆ 250 ಪೌಂಡ್ ಹೆಚ್ಚಿಸಲಾಗಿದೆ ಎಂದು. ಹತ್ತಿರದ ಲೀ ಬ್ರಿಜ್ ರೈಲು ನಿಲ್ದಾಣ 2016ರಲ್ಲಿ ಮತ್ತೆ ತೆರೆದಿತ್ತು. ಅದರ ಸುತ್ತ ಎತ್ತರದ ಕಟ್ಟಡಗಳು ಏಳುತ್ತಿದ್ದವು. ಅವುಗಳ ಬೇಲಿಗೆ ಅಂಟಿಸಿದ ಜಾಹೀರಾತಿನಲ್ಲಿ ನಮ್ಮ ನದಿಯ ಚಿತ್ರವಿತ್ತು, ದೋಣಿಗಳಿದ್ದವು, ಒಂದು ಖಾಲಿ ಬೆಂಚೂ ಇತ್ತು.

ಮಗಳು ಪತ್ರ ಓದಿ ಮಡಚಿಟ್ಟಳು. ನನಗೆ ಹಳೆಯ ಹೆದರಿಕೆ ಮರಳಿತು, ಇನ್ನು ಮತ್ತೆ ಗೋಡೆಯ ಕಡೆ ತಿರುಗುತ್ತಾಳೋ ಎಂದು. ಅವಳು ಹಾಗೆ ಮಾಡಲಿಲ್ಲ. "ಉಮ್ಮಾ, ಈ ನದಿ ಚೆಂದ ಇರುವುದರಿಂದ ನಾನು ಗುಣವಾದೆ. ಇದು ಚೆಂದ ಇರುವುದರಿಂದಲೇ ನಾವು ಇಲ್ಲಿಂದ ಹೋಗಬೇಕಾಗಿದೆ" ಎಂದಳು. ನನಗೆ ಉತ್ತರ ತೋಚಲಿಲ್ಲ. ನದಿಯನ್ನು ಹೊಲಸಾಗಿಯೇ ಬಿಡಬೇಕಿತ್ತೇ? ಅದಂತೂ ಅಲ್ಲ. ದಡಕ್ಕೆ ಹಣ ಸುರಿಯುವ ದಿನವೇ, ದಡದಲ್ಲಿ ಆಗಲೇ ಇರುವವರು ಅಲ್ಲೇ ಉಳಿಯುವ ಏರ್ಪಾಡನ್ನೂ ಬರೆದಿಡಬೇಕು. ಅದನ್ನು ಆಮೇಲೆ ನೋಡೋಣ ಎಂದರೆ ಆಮೇಲೆ ನೋಡಲು ಅವರು ಅಲ್ಲಿರುವುದಿಲ್ಲ.

ಕೋಡಿ ಡಾಕ್

ಹೊರಡುವ ಮುಂಚೆ ಮಗಳು ನನ್ನನ್ನು ಇನ್ನೊಂದು ಕಡೆಗೆ ಕರೆದೊಯ್ದಳು. 1776ರ ಹಳೆಯ ಹಿಟ್ಟಿನ ಗಿರಣಿ ಹೌಸ್ ಮಿಲ್ ಇರುವ ತ್ರೀ ಮಿಲ್ಸ್ ದಾಟಿ, ಸಮುದ್ರದ ಉಬ್ಬರವಿಳಿತ ಬರುವ ಕಡೆಗೆ. ಅಲ್ಲಿ ಕೋಡಿ ಡಾಕ್ ಎಂಬ ಸಣ್ಣ ಹಡಗುಕಟ್ಟೆಯಿದೆ. 1870ರ ದಶಕದಲ್ಲಿ ಗ್ಯಾಸ್ ಕಾರ್ಖಾನೆಗೆ ಕಲ್ಲಿದ್ದಲು ಇಳಿಸಲು ತೋಡಿದ್ದು. ಕಾರ್ಖಾನೆ ಮುಚ್ಚಿದ ಮೇಲೆ ಕಸದ ಗುಂಡಿಯಾಗಿತ್ತು. 2009ರಲ್ಲಿ ಸುತ್ತಲಿನ ಕೆಲವರು ಒಂದು ದತ್ತಿ ಸಂಸ್ಥೆ ಕಟ್ಟಿಕೊಂಡು, ಸ್ವಯಂಸೇವಕರ ಕೈಯಿಂದಲೇ ಅದನ್ನು ಶುಚಿ ಮಾಡಲು ತೊಡಗಿದರು. ಈಗ ಅಲ್ಲಿ ತೋಟವಿದೆ, ಚಹಾದಂಗಡಿಯಿದೆ, ಶೌಚಾಲಯವಿದೆ. 2022ರಲ್ಲಿ ಕಟ್ಟಿದ ವಿಚಿತ್ರ ಸೇತುವೆಯೊಂದಿದೆ. ಕೈಯಿಂದ ಹಿಡಿಕೆ ತಿರುಗಿಸಿದರೆ ಇಡೀ ಸೇತುವೆ ಉರುಳಿ ತಲೆಕೆಳಗಾಗಿ ದೋಣಿಗೆ ದಾರಿ ಬಿಡುತ್ತದೆ!

ನಾವು ಹೋದ ದಿನ ಕೆಸರಿನ ಬೂಟು ಹಾಕಿದ ಬಂಗಾಳಿ ಹೆಂಗಸೊಬ್ಬರು ಅಲ್ಲಿ ಬೆಂಡೆ ಸಸಿ ನೆಡುತ್ತಿದ್ದರು. "ಚಳಿಗೆ ಬದುಕುತ್ತಾ?" ಎಂದು ನನ್ನ ಹರಕು ಹಿಂದಿಯಲ್ಲಿ ಕೇಳಿದೆ. "ಹೋದ ವರ್ಷ ಸತ್ತಿತು. ಈ ವರ್ಷ ನೋಡೋಣ" ಎಂದು ನಕ್ಕರು. ಆ ವರ್ಷ ಅಲ್ಲಿಂದ ಥೇಮ್ಸ್‌ವರೆಗೆ ನೀರಿನ ಅಂಚಿನಲ್ಲೇ ನಡೆಯಲು ಆಗುತ್ತಿರಲಿಲ್ಲ. ಗೋದಾಮುಗಳ ಗೋಡೆ ಅಡ್ಡ ಬಂದು ರಸ್ತೆಗೆ ಹತ್ತಬೇಕಿತ್ತು. 1944ರಲ್ಲಿ ಕಾಗದದ ಮೇಲೆ ಬರೆದದ್ದು ಎಂಬತ್ತು ವರ್ಷವಾಗುತ್ತಾ ಬಂದರೂ ಕೊನೆಯ ಕೆಲವು ಹೆಜ್ಜೆ ಬಾಕಿಯಿತ್ತು.

ನಮ್ಮ ಕಡವಿನಲ್ಲಿ

ಜುಲೈ ಕೊನೆಗೆ ನಾನು ಊರಿಗೆ ಬಂದೆ. ಮಗಳು, ಅಳಿಯ ಸೆಪ್ಟೆಂಬರಿನಲ್ಲಿ ಎಡ್ಮಂಟನ್‌ಗೆ ಮನೆ ಬದಲಿಸಿದರು. ಅದೂ ಲೀ ನದಿಯ ಊರೇ, ಸ್ವಲ್ಪ ಮೇಲಕ್ಕೆ. ಬಾಡಿಗೆ ಕಡಿಮೆ, ಕೋಣೆ ದೊಡ್ಡದು. ಆದರೆ ಮನೆಗೂ ನದಿಗೂ ನಡುವೆ ದೊಡ್ಡ ಗೋದಾಮುಗಳು ಮತ್ತು ವಾಹನ ಭರ್ರೆನ್ನುವ ರಸ್ತೆ. "ನೀರು ಅದೇ ಉಮ್ಮಾ, ಹೋಗುವ ದಾರಿ ಮಾತ್ರ ಇಲ್ಲಿ ಸಲೀಸಾಗಿಲ್ಲ" ಎಂದಳು ಫೋನಿನಲ್ಲಿ. ಭಾನುವಾರ ಬಸ್ಸು ಹಿಡಿದು ಹಳೆಯ ಬೆಂಚಿಗೆ ಹೋಗುತ್ತಾಳೆ. ಸೊಮಾಲಿ ಗೆಳತಿಯೂ ಬರುತ್ತಾಳೆ. ಎರಡು ಮಕ್ಕಳೂ ಈಗ ಓಡಾಡುತ್ತಿವೆ.

ನನ್ನ ತವರು ಫರಂಗಿಪೇಟೆಯ ಬಳಿ, ನೇತ್ರಾವತಿಯ ದಡದಲ್ಲಿ. ಚಿಕ್ಕಂದಿನಲ್ಲಿ ಕಡವಿನಲ್ಲಿ ಬಟ್ಟೆ ಒಗೆಯಲು ಹೋದರೆ ಸೂರ್ಯ ನೆತ್ತಿಗೆ ಬರುವವರೆಗೂ ಹೆಂಗಸರ ಮಾತು ಮುಗಿಯುತ್ತಿರಲಿಲ್ಲ. ದೋಣಿ ಹತ್ತಿ ಆಚೆ ದಡದ ಮದುವೆಗೆ ಹೋಗುತ್ತಿದ್ದೆವು. ಮನೆಮನೆಗೆ ನಲ್ಲಿ ಬಂತು, ಅಲ್‌ಹಂದುಲಿಲ್ಲಾಹ್, ಕೊಡ ಹೊರುವ ಕಷ್ಟ ತಪ್ಪಿತು. ಆದರೆ ನದಿಗೆ ಹೋಗಲು ನಮಗಿದ್ದ ನೆಪವೂ ತಪ್ಪಿಹೋಯಿತು. ಊರಿಗೆ ಬಂದ ಮೇಲೆ ಒಂದು ಸಂಜೆ ಹಳೆಯ ಕಡವಿಗೆ ಹೋದೆ. ದಾರಿಯಲ್ಲಿ ಮುಳ್ಳುಪೊದೆ, ಪ್ಲಾಸ್ಟಿಕ್ ಚೀಲ, ಬಾಟಲಿ. ಕೂರಲು ಒಂದು ಕಲ್ಲೂ ಇರಲಿಲ್ಲ. ಕತ್ತಲಾಗುವ ಮುಂಚೆ ಬೇಗ ಬೇಗ ಹಿಂದಿರುಗಿದೆ.

2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯ 111 ಜಲಮಾರ್ಗಗಳ ಪಟ್ಟಿಯಲ್ಲಿ ನಮ್ಮ ನೇತ್ರಾವತಿಯೂ ಇದೆ, ಗುರುಪುರ ನದಿಯೂ ಇದೆ. ಮಂಗಳೂರಿನಲ್ಲಿ ನದಿದಡದ ನಡೆದಾರಿಗಳ ಮಾತೂ ಕೆಲವು ವರ್ಷಗಳಿಂದ ಕೇಳಿಬರುತ್ತಿದೆ. ಸಂತೋಷ. ಆದರೆ ಸಹೋದರಿಯರೇ, ನಕಾಶೆ ಬಿಡಿಸುವವರು ನಮ್ಮ ಊರಿಗೆ ಬಂದಾಗ ಗಂಡಸರಷ್ಟೇ ಹೋಗಿ ಮಾತಾಡಿ ಬಂದರೆ ಸಾಲದು. ನಾವೂ ಹೋಗಿ ಕೇಳೋಣ: ಇಳಿಜಾರು ಎಲ್ಲಿ? ಶೌಚಾಲಯ ಎಲ್ಲಿ? ದೀಪ ಎಲ್ಲಿಯವರೆಗೆ? ಮೀನಿನ ಬುಟ್ಟಿ ಇಳಿಸುವವಳು, ದಡದ ಗುಡಿಸಲಿನವಳು ನಾಳೆ ಎಲ್ಲಿರುತ್ತಾಳೆ? ಹೆತ್ತು ಹದಿನೆಂಟು ದಿನವಾದ ಹುಡುಗಿಯೊಬ್ಬಳು ಬಂದು ಕೂರಲು ಬೆಂಚು ಎಲ್ಲಿ?

ಮಗಳು ಮೊನ್ನೆ ಒಂದು ಫೋಟೋ ಕಳುಹಿಸಿದ್ದಾಳೆ. ಅದೇ ಬೆಂಚು. ಮೊಮ್ಮಗ ಅದರ ಮೇಲೆ ನಿಂತು ನೀರಿನ ಕಡೆ ಬೆರಳು ತೋರಿಸುತ್ತಿದ್ದಾನೆ. ಎಲ್ಲಿ ಬಿದ್ದುಬಿಡುತ್ತಾನೋ ಎಂದು ಅವಳ ಒಂದು ಕೈ ಅವನ ಅಂಗಿಯನ್ನು ಬಿಗಿಯಾಗಿ ಹಿಡಿದಿದೆ.